ಆರಾಳು ನೀರು

ಎಡಗೈ ಎದೆಯ ಮೇಲೆ ಹೋಗದಂತೆ ಚಿಕ್ಕಮಲ್ಲಮ್ಮ ಬೆಳಗಿನಿಂದ ಕಾಯುತ್ತಿದ್ದಳು. ಅದು ತಾನಾಗಿಯೇ ಹೋಗುತ್ತಿತ್ತು. ಒಲೆಗೆ ಸೌದೆ ಮುಂದಕ್ಕೆ ತಳ್ಳುವಾಗ, ಹಿಟ್ಟಿನ ಮಡಕೆಯ ಮುಚ್ಚಳ ತೆಗೆಯುವಾಗ, ಅತ್ತೆ ಕೂಗಿದಾಗ ಓ ಎನ್ನುವುದಕ್ಕೆ ಮೊದಲು. ಮೂವತ್ತೈದು ವರ್ಷ ಆ ಜಾಗದಲ್ಲಿ ಒಂದು ಭಾರವಿತ್ತು. ಹುಟ್ಟಿದ ಹನ್ನೊಂದನೆಯ ದಿನ ತವರಿನ ಅಯ್ಯನವರು ಕಟ್ಟಿದ ಲಿಂಗ, ಮದುವೆಯಲ್ಲಿ ಅಪ್ಪ ಮಾಡಿಸಿಕೊಟ್ಟ ಬೆಳ್ಳಿಯ ಕರಡಿಗೆಯೊಳಗೆ ಕುಳಿತು, ಅವಳು ಓಡಿದರೆ ಓಡಿ, ಬಗ್ಗಿದರೆ ತೂಗಿ, ಹೆರಿಗೆಯ ದಿನ ಬೆವರಿನಲ್ಲಿ ಎದೆಗೆ ಅಂಟಿಕೊಂಡು ಜೊತೆಗಿತ್ತು. ಈಗ ಅಲ್ಲಿ ಒಂದು ಅಡಿಕೆಯಿತ್ತು. ನಿನ್ನೆ ಬೆಳಿಗ್ಗೆ ಬಾವಿಯಿಂದ ಬಂದವಳೇ ದೇವರ ಗೂಡಿನ ತಟ್ಟೆಯಿಂದ ಒಂದು ಅಡಿಕೆ ತೆಗೆದು, ಚಿಂದಿಯಲ್ಲಿ ಸುತ್ತಿ, ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ಸೆರಗಿನ ಕೆಳಗೆ ಉಬ್ಬು ಕಾಣುತ್ತಿತ್ತು. ನೋಡುವವರಿಗೆ ಅಷ್ಟು ಸಾಕು. ತನಗೆ ಮಾತ್ರ ಉಸಿರೆಳೆದಾಗಲೆಲ್ಲ ಆ ಅಡಿಕೆ ಹಗುರವಾಗಿ ಅತ್ತಿತ್ತ ಹೊರಳಿ, ಸುಳ್ಳಿಗೂ ಒಂದು ತೂಕವಿದೆಯೆಂದು ತೋರಿಸುತ್ತಿತ್ತು.

"ಇವತ್ತೂ ಉಣ್ಣಕ್ಕಿಲ್ವೇನಮ್ಮಿ?" ಅತ್ತೆ ಶಾಂತಮಲ್ಲಮ್ಮ ನಡುಮನೆಯಿಂದಲೇ ಕೇಳಿದಳು.

"ಹೊಟ್ಟೆ ಸರಿಯಿಲ್ಲ ಕಣತ್ತೆ."

"ನೆನ್ನೆ ಸ್ವಾಮಾರ ಅಂದೆ. ಇವತ್ತು ಹೊಟ್ಟೆ ಅಂತೀಯೆ. ನಾಳಿಕೆ ಅಮಾಸೆನಾ?"

ಚಿಕ್ಕಮಲ್ಲಮ್ಮ ಊದುಗೊಳವೆ ತೆಗೆದುಕೊಂಡು ಒಲೆ ಊದಿದಳು. ಲಿಂಗ ಕೈಯಲ್ಲಿಟ್ಟು ಪೂಜೆ ಮಾಡದೆ ಬಾಯಿಗೆ ಒಂದು ತುತ್ತು ಹೋಗಬಾರದು, ಒಂದು ಗುಟುಕು ನೀರೂ ಇಳಿಯಬಾರದು. ಈ ಮನೆಯಲ್ಲಿ ಅದನ್ನು ಯಾರೂ ಹೇಳಿಕೊಡುವುದಿಲ್ಲ. ನೆಲದ ಮೇಲೆ ನಡೆಯುವುದನ್ನು ಹೇಳಿಕೊಡುವುದುಂಟೇ? ನಿನ್ನೆ ಸಂಜೆ ಅತ್ತೆಯ ಪಕ್ಕದಲ್ಲಿಯೇ, ಸ್ವಲ್ಪ ಗೋಡೆಯ ಕಡೆಗೆ ತಿರುಗಿ ಕುಳಿತು, ಖಾಲಿ ಎಡಗೈಗೆ ವಿಭೂತಿ ಬಳಿದು, ಅದರ ಮೇಲೆ ವಸ್ತ್ರ ಮುಚ್ಚಿ, ಏನೂ ಇಲ್ಲದ ಅಂಗೈಯನ್ನು ಎವೆಯಿಕ್ಕದೆ ನೋಡಿದ್ದಳು. ನೋಡುತ್ತ ನೋಡುತ್ತ ಉಸಿರು ಎಂದೂ ಇಲ್ಲದಷ್ಟು ನಿಧಾನವಾಗಿ, ಹೊಟ್ಟೆಯ ಬುಡಕ್ಕೆ ಇಳಿದು ನಿಂತಿತ್ತು. ಇದೇ ಉಸಿರು ನೀರಿನೊಳಗೆ ಬಂದರೆ ಎಂದು ಮನಸ್ಸು ಲೆಕ್ಕ ಹಾಕಿದ್ದು, ಲಿಂಗ ಕಳೆದುಕೊಂಡದ್ದಕ್ಕಿಂತ ದೊಡ್ಡ ತಪ್ಪು ಎನ್ನಿಸಿತ್ತು. ಅದಕ್ಕೂ ಮುಂಚೆ, ಮಧ್ಯಾಹ್ನ, ಬಾವಿಯ ಹತ್ತಿರ ತಡೆಯಲಾರದೆ ಬೊಗಸೆ ನೀರು ಕುಡಿದಿದ್ದಳು. ಏನೂ ಆಗಲಿಲ್ಲ. ಕಣ್ಣು ಹೋಗಲಿಲ್ಲ, ನಾಲಿಗೆ ಸೇದಿಹೋಗಲಿಲ್ಲ. ಏನೂ ಆಗದೆ ಇದ್ದದ್ದೇ ಅವಳನ್ನು ರಾತ್ರಿಯೆಲ್ಲ ಹೆದರಿಸಿತ್ತು.

ಹಿತ್ತಲಲ್ಲಿ ಮೈದುನ ಮರಿಮಲ್ಲಪ್ಪ ತಿದಿಯಂತೆ ಬುಸುಗುಟ್ಟುತ್ತಿದ್ದ. ಇವತ್ತು ಬಾವಿಯ ಪಂದ್ಯ. ವರ್ಷಕ್ಕೊಮ್ಮೆ, ಯುಗಾದಿಯಾಗಿ ನೀರು ಇಳಿದ ಮೇಲೆ, ದೊಡ್ಡಬಾವಿಯ ಹೂಳು ತೆಗೆಯುವುದಕ್ಕೆ ಹಿಂದಿನ ದಿನ ಊರ ಗಂಡಸರು ಒಬ್ಬೊಬ್ಬರಾಗಿ ಮುಳುಗಿ ತಳದ ಮಣ್ಣು ತರಬೇಕು. ಮಣ್ಣು ತಂದವನು ಹೊಸ ನೀರಿನ ಮೊದಲ ಕೊಡ ಸೇದಿ ಬಸವಣ್ಣನ ಗುಡಿಗೆ ಕೊಡಬೇಕು. ಬೇಸಿಗೆಯಲ್ಲಿಯೂ ಅಲ್ಲಿ ಆರಾಳು ನೀರು ನಿಲ್ಲುತ್ತದೆ, ಆಳಿನ ಮೇಲೆ ಆಳು ನಿಂತರೆ ಆರು ಜನ ಮುಳುಗುವಷ್ಟು. ಮೂರು ವರ್ಷದಿಂದ ತಳ ಮುಟ್ಟಿದವನು ಮರಿಮಲ್ಲಪ್ಪ ಒಬ್ಬನೇ. ಗರಡಿಯಲ್ಲಿ ಸಾಮು ಮಾಡಿದ ಮೈ, ಬಾದಾಮಿ ಅರೆದು ಕುಡಿದ ಹಾಲು, ಊರವರ ಶಹಬ್ಬಾಸು. ನೀರಿಗೆ ಬೀಳುವ ಮೊದಲು ನೂರು ಸಲ ಜೋರಾಗಿ ಉಸಿರೆಳೆದು ಬಿಟ್ಟರೆ ಒಳಗೆ ಗಾಳಿ ತುಂಬುತ್ತದೆ ಎಂದು ಅವನ ಲೆಕ್ಕ.

"ಅಂಗೆ ಬುಸುಗುಟ್ಟಬ್ಯಾಡಿ ಮರಿಯಪ್ಪ," ಹಾಲಿನ ಚೊಂಬು ಕೊಡುತ್ತ ಅವಳು ಅಂದಳು. "ಓದೊರ್ಸ ಮಾದಣ್ಣ ಇಂಗೇ ಮಾಡಿ ಮ್ಯಾಕೆ ಬರುವಾಗ ಕಣ್ಣು ತೇಲುಸ್ಬುಟ್ಟ. ಗಾಳಿ ತುಂಬಕಿಲ್ಲ. ಮೈಗೆ ಬುದ್ದಿ ತಪ್ಪೋದು ತಿಳಿಯಾಕಿಲ್ಲ, ಅಷ್ಟೆ."

ಅವನು ಮೀಸೆಗೆ ಅಂಟಿದ ಕೆನೆ ಒರೆಸಿಕೊಂಡು ನಕ್ಕ. "ನಿಮಗೇನ್ ತಿಳಿದದು ಬುಡಿ ಅತ್ಗೆ. ನೀವು ಬಾವಿಗೆ ಬಿದ್ದಿದ್ದು ಒಂದೇ ಸಲ!"

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಹದಿನೇಳು ವರ್ಷದಲ್ಲಿ ಆ ಮಾತು ಈ ಮನೆಯಲ್ಲಿ ತಮಾಷೆಯಾಗುವಷ್ಟು ಸವೆದಿತ್ತು. ಮದುವೆಯಾದ ಮೊದಲ ವರ್ಷ, ನೀರು ಸೇದುವಾಗ ಅತ್ತೆಯ ತಾಮ್ರದ ಕೊಳಗ ಹಗ್ಗ ಕಳಚಿ ಬಾವಿಗೆ ಹೋಯಿತು. ಕೊಕ್ಕೆಗಳ ಪಾತಾಳಗರಡಿ ಇಳಿಬಿಟ್ಟು ಎರಡು ದಿನ ಜಾಲಾಡಿದರೂ ಸಿಗಲಿಲ್ಲ. ಮೂರನೆಯ ಬೆಳಿಗ್ಗೆ ಚಿಕ್ಕಮಲ್ಲಮ್ಮ ಯಾರನ್ನೂ ಕೇಳದೆ ಸೀರೆಯನ್ನು ಕಚ್ಚೆ ಹಾಕಿ ಮೆಟ್ಟಿಲಿಳಿದು ಮುಳುಗಿದಳು. ಆಗ ಮೂರಾಳು ನಾಲ್ಕಾಳಿನ ನಡುವೆ ಒಂದು ಕಲ್ಲಿನ ಚಾಚು ಇತ್ತು, ಕೊಳಗ ಅಲ್ಲಿ ಕೂತಿತ್ತು. ಅದನ್ನು ಎತ್ತಿಕೊಂಡು ಮೇಲೆ ಬಂದಾಗ ಬಾವಿಯ ಸುತ್ತ ಜನ ಬಾಯಿ ಬಡಿದುಕೊಳ್ಳುತ್ತಿದ್ದರು. ಮಾವ ಮುಖ ತಿರುಗಿಸಿ ನಿಂತಿದ್ದ. ಅತ್ತೆ ಓಡಿಬಂದು ಕಂಬಳಿಯನ್ನು ತಲೆಯಿಂದ ಕಾಲಿನವರೆಗೆ, ಹೆಣಕ್ಕೆ ಮುಚ್ಚುವಂತೆ ಮುಚ್ಚಿದಳು. ಕೊಳಗವನ್ನು ಯಾರೂ ನೋಡಲಿಲ್ಲ. ಹೊತ್ತು ಮುಳುಗುವುದರೊಳಗೆ ಸುದ್ದಿ ಗುಂಡ್ಲುಪೇಟೆ ದಾಟಿ ಗೋಪಾಲಸ್ವಾಮಿ ಬೆಟ್ಟದ ಕೆಳಗಿನ ಅವಳ ತವರು ಮುಟ್ಟಿತು: ಮಗಳು ಅತ್ತೆಯ ಕೈಲಿ ತಾಳಲಾರದೆ ಬಾವಿಗೆ ಬಿದ್ದಳಂತೆ. ಅಪ್ಪ ಗಾಡಿ ಕಟ್ಟಿಕೊಂಡು ಬಂದು ಜಗಲಿಯ ಮೇಲೆ ಕುಳಿತು ಅತ್ತ. ಕೊಳಗ ತೆಗೆಯಾಕೆ ಓಗಿದ್ದೆ ಕಣಪ್ಪಾ ಎಂದರೆ ತಲೆ ಸವರಿ, ಆಯ್ತು ಬುಡವ್ವ, ಇನ್ನೊಂದ್ ಸಲ ಅಂಗೆ ಮಾಡ್ಬ್ಯಾಡ ಅಂದ. ಗಂಡ ಸಿದ್ದಮಲ್ಲಪ್ಪ ಒಳ್ಳೆಯವನು. ಆ ದಿನ, ನಾನೇನ್ ಕಮ್ಮಿ ಮಾಡಿದ್ದೆ ನಿನಗೆ ಎಂದು ಕೇಳಿದ. ಹೆಂಗಸು ಬಾವಿಯ ತಳಕ್ಕೆ ಹೋಗುವುದಕ್ಕೆ ಊರಿಗೆ ತಿಳಿದದ್ದು ಒಂದೇ ಕಾರಣ. ಇನ್ನೊಂದು ಕಾರಣ ಇರಬಹುದೆಂದು ಹೇಳುವುದಕ್ಕೆ ಅವಳ ಬಳಿ ಮಾತಿರಲಿಲ್ಲ, ಒಂದು ತಾಮ್ರದ ಕೊಳಗವಿತ್ತು. ಅದರಲ್ಲಿ ಇವತ್ತಿಗೂ ಅತ್ತೆ ರಾಗಿ ಅಳೆಯುತ್ತಾಳೆ.

ಅವಳಿಗೆ ನೀರು ಕಲಿಸಿದವಳು ತವರಿನ ಪುಟ್ಟಸಿದ್ದಮ್ಮ, ಬಾವಿ ತೋಡುವವರ ಮನೆಯ ಮುದುಕಿ. ಸುತ್ತ ಏಳು ಹಳ್ಳಿಯಲ್ಲಿ ಬಿಂದಿಗೆ ಬಿದ್ದರೆ, ಬುಗುಡಿ ಬಿದ್ದರೆ ಅವಳಿಗೆ ಹೇಳಿಕಳಿಸುತ್ತಿದ್ದರು. ಯಾವ ಬಾವಿಯ ಕಟ್ಟೆಯನ್ನು ಬೇರೆ ದಿನ ಅವಳು ಮುಟ್ಟಕೂಡದೋ ಅದೇ ಬಾವಿಯ ತಳ ಮುಟ್ಟಿ ಬಿಂದಿಗೆ ತಂದುಕೊಟ್ಟು, ಅದನ್ನು ಮನೆಯವರು ಹುಣಿಸೆಹಣ್ಣು ಬೂದಿ ಹಾಕಿ ಮೂರು ಸಲ ತಿಕ್ಕುವುದನ್ನು ದೂರದಲ್ಲಿ ನಿಂತು ನೋಡಿ, ಸೇರು ರಾಗಿ ಮಡಿಲಿಗೆ ಹಾಕಿಸಿಕೊಂಡು ಹೋಗುತ್ತಿದ್ದಳು. ಕೆರೆಯ ತೂಬಿನ ಬಳಿ, ಯಾರೂ ಇಲ್ಲದ ಹೊತ್ತಿನಲ್ಲಿ, ಹತ್ತು ವರ್ಷದ ಚಿಕ್ಕಮ್ಮಿಗೆ ಅವಳು ಹೇಳುತ್ತಿದ್ದಳು: "ನೀರ್ನ ಗುದ್ದಬ್ಯಾಡ ಕಣಮ್ಮಿ. ಅದ್ಕೆ ನಿನ್ ಮ್ಯಾಲೆ ಅಗೆತನ ಇಲ್ಲ. ಕಿವಿ ನೋಯಾಕೆ ಮುಂಚೇನೇ ಮೂಗಿಡ್ಕೊಂಡು ಒಳಗೇ ಊದು. ನೋವು ಬಂದ್ಮ್ಯಾಕೆ ಊದುದ್ರೆ ಬಾಗ್ಲು ಆಕಿದ್ ಮನೆ ತಟ್ಟಿದಂಗೆ. ಒಟ್ಟೆ ಒದೀತದೆ, ಒದೀಲಿ. ಅದು ಸಾಯೋದಲ್ಲ, ಜ್ಞಾಪಕ ಮಾಡೋದು. ಒದ್ದ ಮ್ಯಾಕೂ ಅರ್ಧ ಉಸಿರು ಐತೆ." ಮತ್ತು ಪ್ರತಿಸಲವೂ ಕೊನೆಗೆ: "ಒಬ್ಳೇ ಮುಳುಗಬ್ಯಾಡ. ಅಗ್ಗದ ಆ ತುದೀಲಿ ಒಂದು ಕೈ ಇರ್ಬೇಕು."

ಆ ಒಂದು ಮಾತನ್ನು ಚಿಕ್ಕಮಲ್ಲಮ್ಮ ಎರಡು ವರ್ಷದಿಂದ ಮೀರಿದ್ದಳು. ಪೂಜೆಯ ನೀರು ಅವಳ ಪಾಲಿನ ಕೆಲಸ. ಕೋಳಿ ಕೂಗುವ ಹೊತ್ತಿಗೆ ಬಾವಿಗೆ ಹೋಗಿ, ಮಿಂದು, ಒದ್ದೆ ಸೀರೆಯಲ್ಲಿಯೇ ಯಾರೂ ಮುಟ್ಟದ ನೀರು ತರಬೇಕು. ಒದ್ದೆಯಾದದ್ದಕ್ಕೆ ಯಾರಿಗೂ ಉತ್ತರ ಹೇಳಬೇಕಾಗಿಲ್ಲ. ಒಂದು ಬೆಳಿಗ್ಗೆ ಕಾಲು ತಾನಾಗಿಯೇ ನೀರಿನೊಳಗಿನ ಇನ್ನೊಂದು ಮೆಟ್ಟಿಲಿಗೆ ಇಳಿಯಿತು, ಮರುದಿನ ಮತ್ತೊಂದಕ್ಕೆ. ಯಾಕೆ ಎಂದು ಅವಳು ಕೇಳಿಕೊಳ್ಳಲಿಲ್ಲ. ಕೇಳಿಕೊಂಡರೆ ನಿಲ್ಲಿಸಬೇಕಾಗುತ್ತಿತ್ತು. ಉಳಿದ ಸಾಧನೆಯೆಲ್ಲ ಎಲ್ಲರ ಕಣ್ಣೆದುರಿಗೇ ನಡೆಯಿತು, ಯಾರೂ ನೋಡಲಿಲ್ಲ. ಊದುಗೊಳವೆಯಲ್ಲಿ ಒಂದೇ ಉಸಿರನ್ನು ನೂಲಿನಂತೆ ಎಳೆದು ಎಳೆದು ಬಿಡುವುದು. ರಾಗಿ ಬೀಸುವಾಗ ಉಸಿರು ಕಟ್ಟಿ ಕಲ್ಲು ಎಷ್ಟು ಸುತ್ತು ತಿರುಗಿತೆಂದು ಎಣಿಸುವುದು. ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ ಹೊತ್ತು ಬಾವಿಕಟ್ಟೆಯಿಂದ ಒಂದೇ ಉಸಿರಿನಲ್ಲಿ ನಡೆಯುವುದು. ಮೊದಲು ಹೊಂಗೆಮರದವರೆಗೆ, ಮೂವತ್ತು ಹೆಜ್ಜೆ. ದೀಪಾವಳಿಗೆ ಎಪ್ಪತ್ತು. ಮರುವರ್ಷ ಊರೂರಿನಲ್ಲಿ ಕನ್ನಡನಾಡು ಒಂದಾಯಿತೆಂದು ಶಾಲೆ ಮಕ್ಕಳಿಗೆ ಮಿಠಾಯಿ ಹಂಚಿದ ದಿನ ಅದೇ ಬೀದಿಯ ಸಣ್ಣತಾಯಮ್ಮನ ಜಗಲಿ ದಾಟಿದಳು, ನೂರ ಹತ್ತು. ಜಗಲಿಯಲ್ಲಿ ಕುಳಿತ ಸಣ್ಣತಾಯಮ್ಮ ಮಾತಾಡಿಸಿದರೆ ತಲೆಯಾಡಿಸಿ ಹೋಗುತ್ತಿದ್ದಳು, ಮಾತಾಡಿದರೆ ಉಸಿರು ಹೋಗುತ್ತಿತ್ತು. ಶಾಂತಮ್ಮನ ಸೊಸೆಗೆ ಕೊಬ್ಬು ಬಂದದೆ ಎಂದು ಬೀದಿಯಲ್ಲೆಲ್ಲ ಆಯಿತು. ಅತ್ತೆ ಬಂದು ಬೈದಾಗಲೂ ಅವಳು ಒಂದು ಉಸಿರಿನ ನಡುವೆ ಇದ್ದಳು. ಬೈಗುಳ ಮುಗಿಯುವವರೆಗೂ ಹಿಡಿದಳು.

ನಿನ್ನೆ ನಾಲ್ಕಾಳು ದಾಟಿದ್ದಳು. ಪುಟ್ಟಸಿದ್ದಮ್ಮನ ರೀತಿಯಲ್ಲಿ, ಗಂಡನ ಹಳೆಯ ಟವಲಿನಲ್ಲಿ ಕಲ್ಲು ಕಟ್ಟಿ, ಟವಲಿನ ತುದಿಯನ್ನು ಎದೆಯ ಬಳಿ ಹಿಡಿದು ಭಾರದ ಜೊತೆ ಇಳಿಯುವುದು, ಸಾಕೆನಿಸಿದಾಗ ಕೈ ಬಿಡುವುದು. ಕೈ ಬಿಟ್ಟಳು. ಕೊರಳಿನಲ್ಲಿ ಏನೋ ಎಳೆದಂತಾಯಿತು, ಕಿತ್ತಂತಾಯಿತು. ಮೇಲೆ ಬಂದು ಮೆಟ್ಟಿಲು ಹಿಡಿದ ಮೇಲೆಯೇ ಎಡಗೈ ಎದೆಗೆ ಹೋದದ್ದು. ಶಿವದಾರ ಟವಲಿನ ಗಂಟಿಗೆ ಸಿಕ್ಕಿ, ಕಲ್ಲಿನ ಜೊತೆ ಕರಡಿಗೆ ತಳಕ್ಕೆ ಹೋಗಿತ್ತು. ಮತ್ತೆ ಮುಳುಗಿದಳು, ಮತ್ತೆ. ಅಳುವಿನಲ್ಲಿ ಉಸಿರು ನಿಲ್ಲುವುದಿಲ್ಲ. ಎರಡಾಳು ಇಳಿಯುವುದರಲ್ಲಿ ಮುಗಿದುಹೋಗುತ್ತಿತ್ತು. ಇವತ್ತು ಬೆಳಿಗ್ಗೆ ಹೋಗಿ ತರೋಣವೆಂದರೆ ಪಂದ್ಯಕ್ಕೆಂದು ಹುಡುಗರು ಕತ್ತಲಲ್ಲೇ ಬಾವಿಕಟ್ಟೆಯ ಮೇಲೆ ಮಲಗಿದ್ದರು. ನಾಳೆ ಹೊತ್ತು ಹುಟ್ಟುವ ಮೊದಲು ಚಾಮರಾಜನಗರದಿಂದ ಎಣ್ಣೆ ಇಂಜಿನ್ ಬರುತ್ತದೆ. ಮಧ್ಯಾಹ್ನದ ಹೊತ್ತಿಗೆ ಬಾವಿ ಬರಿದು. ಹೂಳಿನಲ್ಲಿ ಯಾರದೋ ಸನಿಕೆಗೆ ಸಿಕ್ಕಿ, ಇದು ಯಾರ ಮನೆಯ ಕರಡಿಗೆ ಎಂದು ಕೈಯಿಂದ ಕೈಗೆ ಹೋಗಿ, ಅತ್ತೆಯ ಕೈಗೆ ಬರುತ್ತದೆ. ಆಗ ಹೇಳುವ ಮಾತೂ ಒಂದೇ: ಮತ್ತೆ ಬಿದ್ದಿದ್ದಳು. ಅಯ್ಯನವರ ಕಾಲಿಗೆ ಬಿದ್ದು ತಪ್ಪು ಒಪ್ಪಿಕೊಂಡರೆ ಅವರು ಬೇರೆ ಲಿಂಗ ಕಟ್ಟಿಯಾರು. ಬೇರೆ ಮಾತು ಕಟ್ಟುವವರು ಯಾರು?

ಹೊತ್ತೇರುವಾಗ ಪಾನಕದ ಕೊಡ ಹೊತ್ತು ಅತ್ತೆಯ ಹಿಂದೆ ಬಾವಿಗೆ ಹೋದಳು. ಹೆಂಗಸರಿಗೆ ಮೇಲಿನ ಕಟ್ಟೆ, ಹೊಂಗೆಯ ನೆರಳು. ಗಂಡಸರಿಗೆ ಮೆಟ್ಟಿಲು. ನಡುವಿನ ಚಪ್ಪಡಿಯ ಮೇಲೆ ಅಯ್ಯನವರು ಗುರುಮಲ್ಲಯ್ಯ ಕುಳಿತಿದ್ದರು. ಊರಿಗೆ ಲಿಂಗ ಕಟ್ಟುವವರೂ ಅವರೇ, ಬಾವಿಯ ಮಣ್ಣು ನೋಡುವವರೂ ಅವರೇ. ಮುಳುಗಿದವನು ಮೇಲೆ ಬಂದು, ಮುಷ್ಟಿಯನ್ನು ಅವರ ಮುಂದೆ ಚಪ್ಪಡಿಯ ಮೇಲೆ ಬಿಚ್ಚಬೇಕು. ಗೋಡೆಯ ಮಣ್ಣು ಕೆಂಪು, ತಳದ ಮಣ್ಣು ಕಪ್ಪು, ಸೀಗೆಕಾಯಿಯಂತೆ ನುಣುಪು. ಅವರು ಬೆರಳಲ್ಲಿ ಉಜ್ಜಿ ನೋಡಿ ಹೌದು ಎಂದರೆ ಹೌದು. ತಳದವರೆಗೆ ಕಲ್ಲು ಕಟ್ಟಿ ಇಳಿಬಿಟ್ಟ ಹಗ್ಗದ ತುದಿ ಹಿಡಿದು ಸಿದ್ದಮಲ್ಲಪ್ಪ ಕೊನೆಯ ಮೆಟ್ಟಿಲಲ್ಲಿ ಕುಳಿತಿದ್ದ. ಪ್ರತಿವರ್ಷವೂ ಹಗ್ಗ ಅವನದೇ. ಅವನ ಕೈ ನಡುಗುವುದಿಲ್ಲವೆಂದು ಊರಿಗೆ ನಂಬಿಕೆ.

"ಏನ್ಲಾ ಮಾದಣ್ಣ, ಈ ಸಲ ಕಣ್ಣು ಮನೇಲೇ ಬುಟ್ಟು ಬಂದಿದ್ದೀಯಾ?" ಮೆಟ್ಟಿಲಿನಿಂದ ಒಬ್ಬ ಕೆಣಕಿದ.

"ನಿನ್ ಥರ ಮೀಸೆ ನೆನೀತದೆ ಅಂತ ಮ್ಯಾಲೆ ನಿಂತ್ಕಳಕಿಲ್ಲ ಕಣ್ಲಾ, ಸುಮ್ಕಿರು."

ಮಾದಣ್ಣ ಮೂರಾಳಿಗೆ ಕಿವಿ ಹಿಡಿದುಕೊಂಡು ಬಂದ. ಇನ್ನಿಬ್ಬರು ಕೆಂಪು ಮಣ್ಣು ತಂದು ನಗೆಗೀಡಾದರು. ಮೇಲಿನಿಂದ ನೋಡುತ್ತ ಚಿಕ್ಕಮಲ್ಲಮ್ಮನಿಗೆ ಒಬ್ಬೊಬ್ಬರ ತಪ್ಪೂ ತನ್ನ ಮೈಯಲ್ಲಿಯೇ ಆದಂತೆ ತಿಳಿಯುತ್ತಿತ್ತು: ಇವನು ತಲೆ ಎತ್ತಿ ಮೇಲೆ ನೋಡಿದ, ಇವನು ಕಾಲು ಬಡಿದು ಅರ್ಧ ಉಸಿರು ಸುಟ್ಟ. ಕೊನೆಗೆ ಮರಿಮಲ್ಲಪ್ಪ. ನೂರು ಸಲ ಬುಸುಗುಟ್ಟಿ, ಕಲ್ಲಿನಂತೆ ಬಿದ್ದ. ಹಗ್ಗ ಅಲುಗಿತು. ಬಹಳ ಹೊತ್ತಾಯಿತು. ಮೇಲೆ ಬಂದಾಗ ತುಟಿ ನೀಲಿಯಾಗಿತ್ತು, ಮೂಗಿನಿಂದ ರಕ್ತದ ಎಳೆ ಇಳಿದಿತ್ತು, ಮುಷ್ಟಿಯಲ್ಲಿ ಕಪ್ಪು ಮಣ್ಣಿತ್ತು. ಶಹಬ್ಬಾಸ್ ಎಂದು ಕೂಗು ಎದ್ದಿತು. ಅವನು ಚಪ್ಪಡಿಗೆ ಒರಗಿ ಏದುತ್ತ ಹೇಳಿದ: "ತಳದಲ್ಲಿ ಅದ್ಯಾವ್ದೋ ಬಟ್ಟೆ ಕಾಲ್ಗೆ ತಾಕ್ತು ಕಣ್ರಪ್ಪಾ. ಗಂಟು ಕಟ್ಟಿದ್ ಬಟ್ಟೆ."

"ಯಾರೋ ಮಾಟ ಮಾಡ್ಸಿ ಆಕಿರ್ತರೆ," ಮೇಲಿನ ಕಟ್ಟೆಯಲ್ಲಿ ಸಣ್ಣತಾಯಮ್ಮ ಎದೆ ಹಿಡಿದುಕೊಂಡಳು.

"ನಾಳಿಕೆ ಇಂಜಿನ್ ಇಕ್ಕುದ್ರೆ ಎಲ್ಲಾನೂ ಕಾಣ್ತದೆ ಬುಡಿ," ಎಂದ ಯಾರೋ.

ಗುರುಮಲ್ಲಯ್ಯ ಪದ್ಧತಿಯಂತೆ ಎದ್ದು ನಿಂತರು. ಗೆದ್ದವನ ಹೆಸರು ಹೇಳುವ ಮೊದಲು ಮೂರು ಸಲ ಕೂಗಬೇಕು. "ಆರಾಳು ನೀರಿಗೆ ಇನ್ಯಾರು?" ಬಾವಿ ಮಾತನ್ನು ನುಂಗಿ ವಾಪಸು ಕೊಟ್ಟಿತು. "ಆರಾಳು ನೀರಿಗೆ ಇನ್ಯಾರು?" ಚಿಕ್ಕಮಲ್ಲಮ್ಮ ಪಾನಕದ ಕೊಡವನ್ನು ಕಟ್ಟೆಯ ಮೇಲೆ ಇಟ್ಟಳು. ನಾಟಿಗೆ ಇಳಿಯುವ ಹೆಂಗಸರಂತೆ ಸೀರೆಯನ್ನು ಹಿಂದಕ್ಕೆ ಎಳೆದು ಕಚ್ಚೆ ಹಾಕಿ, ಸೆರಗನ್ನು ಎದೆಗೆ ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. ಎಡಗೈ ಎದೆಗೆ ಹೋಯಿತು. ಈ ಸಲ ತಡೆಯಲಿಲ್ಲ. ಅಡಿಕೆಯನ್ನು ಹಿಡಿದು ದಾರ ಕಿತ್ತು ಹೊಂಗೆಯ ಬುಡಕ್ಕೆ ಎಸೆದಳು. ಹದಿನೇಳು ವರ್ಷ ಯಾವ ಮೆಟ್ಟಿಲಿಗೆ ಹಗಲು ಹೊತ್ತು ಕಾಲಿಟ್ಟಿರಲಿಲ್ಲವೋ ಅದರ ಮೇಲೆ ಬಿಸಿಲು ಬಿದ್ದಿತ್ತು, ಕಲ್ಲು ಸುಡುತ್ತಿತ್ತು.

"ಎಲ್ಲಿಗಮ್ಮಿ? ಏ ಚಿಕ್ಕಮ್ಮೀ! ಇಡ್ಕಳ್ರೋ ಯಾರಾರೂ, ಬಿದ್ದಾಳು!" ಅತ್ತೆಯ ಕೂಗು ಬೆನ್ನಿಗೆ ಬಡಿಯಿತು.

"ಬೀಳಾಕಿಲ್ಲ ಕಣತ್ತೆ. ಇಳೀತಾವ್ನಿ."

ಮೆಟ್ಟಿಲಿನಲ್ಲಿದ್ದ ಗಂಡಸರು ಹೆಂಗಸನ್ನು ಮುಟ್ಟಿ ತಡೆಯಲಾರದೆ ಗೋಡೆಗೆ ಅಂಟಿದರು. ಗುರುಮಲ್ಲಯ್ಯ ಕೈ ಅಡ್ಡ ನೀಡಿದರು. "ಇದು ಗಂಡಸ್ರು ಇಳಿಯೋ ಜಾಗ ಕಣವ್ವ."

"ಕೂಗುವಾಗ ಗಂಡಸ್ರು ಅಂತ ಕೂಗ್ನಿಲ್ವಲ್ಲ ಬುದ್ದಿ. ಇನ್ಯಾರು ಅಂದ್ರಿ. ನಾನಿವ್ನಿ."

ಯಾರೋ ನಕ್ಕರು. ನಗು ಜೊತೆ ಸಿಗದೆ ನಿಂತುಹೋಯಿತು. ಅವಳು ಅಯ್ಯನವರ ಕೈಯ ಪಕ್ಕದಿಂದ ಇಳಿದು ಕೊನೆಯ ಮೆಟ್ಟಿಲಿಗೆ ಬಂದಾಗ ಅಲ್ಲಿ ಗಂಡ ಇದ್ದ, ಅವನ ಕೈಯಲ್ಲಿ ಹಗ್ಗ ಇತ್ತು. ಅದನ್ನು ಮೇಲೆಳೆದುಕೊಂಡರೆ ಮುಗಿಯಿತು. ಹಗ್ಗವಿಲ್ಲದೆ ಕತ್ತಲಲ್ಲಿ ತಳ ಎಲ್ಲಿ, ಗೋಡೆ ಎಲ್ಲಿ? ಸಿದ್ದಮಲ್ಲಪ್ಪ ಅವಳ ಮುಖ ನೋಡಲಿಲ್ಲ, ಕೊರಳು ನೋಡಿದ. ಬರಿದಾದ ಕೊರಳು. ಅದೇ ಹಳೆಯ ಪ್ರಶ್ನೆ ಬರುತ್ತದೆಂದು ಅವಳು ಕಾದಳು.

"ಬಟ್ಟೆ ಅಂದ್ನಲ್ಲ ಮರಿ," ಎಂದ ಮೆಲ್ಲಗೆ. "ನಂದಾ?"

"ಊಂ. ಹಳೆ ಟವಲ್ಲು."

ಅವನು ಹಗ್ಗವನ್ನು ಅಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡು, ಕಾಲನ್ನು ಕಲ್ಲಿಗೆ ಒತ್ತಿ ಕುಳಿತ.

ಅವಳು ಬುಸುಗುಟ್ಟಲಿಲ್ಲ. ಸೊಂಟದವರೆಗೆ ನೀರಿನಲ್ಲಿ ನಿಂತು ಕಣ್ಣು ಮುಚ್ಚಿದಳು. ಮೇಲೆ ಅತ್ತೆ ಕೂಗುತ್ತಿದ್ದಳು, ಕಂಬಳಿ ತರುವುದಕ್ಕೆ ಯಾರನ್ನೋ ಓಡಿಸುತ್ತಿದ್ದಳು. ಎರಡು ದಿನದ ಹಸಿವು ಹೊಟ್ಟೆಯನ್ನು ಒಣಗಿದ ಚರ್ಮದಂತೆ ಹಗುರ ಮಾಡಿತ್ತು. ಖಾಲಿ ಅಂಗೈ ನೋಡುತ್ತ ಕುಳಿತಾಗ ಬಂದ ಉಸಿರನ್ನು ಅವಳು ಈಗ ನಾಚಿಕೆಯಿಲ್ಲದೆ ಕರೆದಳು. ಅದು ಬಂತು. ಎಳೆಯುವುದಕ್ಕಿಂತ ಬಿಡುವುದು ಉದ್ದ, ಮತ್ತೆ, ಮತ್ತೆ. ಎದೆಯ ಬಡಿತ ದೂರದ ಗಾಡಿಯಂತೆ ನಿಧಾನವಾಯಿತು. ಕೊನೆಯದನ್ನು ಹೊಟ್ಟೆಯಿಂದ ಕುತ್ತಿಗೆಯವರೆಗೆ ತುಂಬಿಕೊಂಡು, ಬಲಗೈಯಲ್ಲಿ ಹಗ್ಗ ಹಿಡಿದು ತಲೆಕೆಳಗಾಗಿ ಹೋದಳು.

ನಮಃ ಶಿವಾಯ, ಒಂದು. ಕೂಗು ನಿಂತಿತು. ಎಡಗೈ ಮೂಗು ಹಿಡಿದು ಊದಿತು, ಕಿವಿಯೊಳಗೆ ಬಾಗಿಲು ತೆರೆಯಿತು. ನಾಲ್ಕು. ಹಸಿರು ಬೆಳಕು, ಕೈಯಿಂದ ಕೈಗೆ ಹಗ್ಗ, ಮತ್ತೆ ಬಾಗಿಲು. ಎಂಟು. ಇಲ್ಲಿ ನೀರು ಬೇರೆ, ತಣ್ಣಗೆ ಗೆರೆ ಎಳೆದಂತೆ. ಕಲ್ಲಿನ ಚಾಚು ಇಲ್ಲೇ ಇತ್ತು, ಕೊಳಗ ಕೂತ ಜಾಗ, ಈಗ ಹೂಳು ಹೊದ್ದು ಗುರುತು ಸಿಗದೆ. ಹನ್ನೆರಡು. ನೀರು ಇನ್ನು ಮೇಲಕ್ಕೆ ತಳ್ಳುತ್ತಿಲ್ಲ. ಎಳೆಯುವುದೂ ಬೇಡ, ಅದೇ ಒಳಗೆ ಕರೆದುಕೊಳ್ಳುತ್ತಿದೆ, ಹೆರುವ ಹೆಂಗಸನ್ನು ಹಿಡಿದ ಸೂಲಗಿತ್ತಿಯ ಕೈಯಂತೆ ಎಲ್ಲ ಕಡೆಯಿಂದಲೂ ಒತ್ತುತ್ತ. ಬಿದ್ದವಳಿಗೂ ಹೀಗೆಯೇ ಆಗುತ್ತದೆಯೇ? ಊರಿನ ಬಾವಿಗಳಿಗೆ ಬಿದ್ದ ಹೆಂಗಸರೆಲ್ಲ ಈ ಗೆರೆಯನ್ನು ದಾಟಿದ್ದರೇ, ದಾಟಿ ಒಂದು ಗಳಿಗೆ ಅವರಿಗೂ ಹೀಗೆ ಯಾರ ಕೂಗೂ ಕೇಳದೆ ಹಾಯೆನಿಸಿತ್ತೇ? ಹದಿನೇಳು. ಯೋಚನೆಯೂ ಉಸಿರು ತಿನ್ನುತ್ತದೆ. ಬಿಟ್ಟಳು. ಇಪ್ಪತ್ತೊಂದಕ್ಕೆ ತಲೆಯ ಮುಂದೆ ಚಾಚಿದ ಕೈ ಮೆತ್ತಗಿನದರಲ್ಲಿ ಹೂತಿತು.

ತಳ ಅಂದರೆ ಇಷ್ಟೇ. ಕಾಣುವುದಕ್ಕೆ ಏನೂ ಇಲ್ಲ. ಹಗ್ಗವನ್ನು ಬಲಗಾಲಿಗೆ ಸುತ್ತಿಕೊಂಡು ಎರಡು ಕೈಯಲ್ಲೂ ತಡವಿದಳು. ಕಲ್ಲು. ಬೇರು. ಒಡೆದ ಮಡಕೆಯ ಕಂಠ. ಹೊಟ್ಟೆ ಒಂದು ಸಲ ಒದೆಯಿತು. ಜ್ಞಾಪಕ ಮಾಡುವುದು, ಅಷ್ಟೆ. ಅರ್ಧ ಉಸಿರು ಇದೆ. ಇಪ್ಪತ್ತೊಂಬತ್ತು. ಬಟ್ಟೆ. ನೆನೆದ ಟವಲಿನ ಅಂಚು, ಗಂಟು, ಗಂಟಿನಲ್ಲಿ ದಾರ, ದಾರದ ತುದಿಗೆ ಮಣ್ಣಿನೊಳಗೆ ಆ ಭಾರ. ಕಣ್ಣಿಗೆ ಕಾಣದಿದ್ದರೂ ಬೆರಳುಗಳಿಗೆ ಅದು ಗೊತ್ತಾಯಿತು. ದಾರ ಜಗ್ಗಿ ಬಿಡಿಸಿದಳು. ಹೊಟ್ಟೆ ಮತ್ತೆ ಒದೆಯಿತು, ಜೋರಾಗಿ. ಇನ್ನು ಹೋಗಬಹುದು. ಕೊರಳಿಗೆ ಸುತ್ತಿ, ಸೆರಗಿನೊಳಗೆ ಸೇರಿಸಿ, ಬರಿಗೈಯಲ್ಲಿ ಮೇಲೆ ಹೋದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹುಚ್ಚು ಹೆಂಗಸು, ಎರಡಾಳು ಇಳಿದು ಹೆದರಿ ಬಂದಳು ಅನ್ನುತ್ತಾರೆ, ನಾಳೆ ಇಂಜಿನ್ನಿನ ಗದ್ದಲದಲ್ಲಿ ಮರೆಯುತ್ತಾರೆ. ಲಿಂಗ ಕೈಯಲ್ಲಿದೆ, ಸಂಜೆ ಪೂಜೆ ಮಾಡಿ ಉಣ್ಣಬಹುದು. ಮೂವತ್ತೈದು. ಅವಳು ಕರಡಿಗೆ ಹಿಡಿದ ಎಡಗೈಯನ್ನೇ ಮಣಿಕಟ್ಟಿನವರೆಗೆ ತಳಕ್ಕೆ ಚುಚ್ಚಿ, ಬೆರಳು ಹಿಡಿಯುವಷ್ಟು ಮಣ್ಣನ್ನು ಅದರ ಸುತ್ತ ಹಿಡಿದು ಮುಷ್ಟಿ ಬಿಗಿದಳು.

ಮೇಲೆ ನೋಡಬಾರದು. ನೋಡಿದರೆ ದೂರ ಕಾಣುತ್ತದೆ. ಕಾಲಿನ ಸುತ್ತು ಬಿಡಿಸಿಕೊಂಡು ಒಂದೇ ಕೈಯಲ್ಲಿ ಹಗ್ಗ ಎಳೆಯುತ್ತ ಏರುವಾಗ ಹೊಟ್ಟೆ ಒದೆಯುತ್ತಲೇ ಇತ್ತು. ಕಿವಿಯಲ್ಲಿ ಬೀಸುವ ಕಲ್ಲಿನ ಸದ್ದು. ನಲವತ್ತೆರಡು. ಹಗ್ಗ ಅವಳ ಕೈಯಲ್ಲಿ ಬಿಗಿಯಾಯಿತು, ಅಲುಗದೆ, ಭಾರ ತಾಳುತ್ತ. ಮೇಲಿನಿಂದ ಒಬ್ಬನು ಹಿಡಿದಿದ್ದಾನೆ ಎನ್ನುವುದು ಅವಳಿಗೆ ಹಗ್ಗದಿಂದ ತಿಳಿಯಿತು. ಐವತ್ತರ ನಂತರ ಎಣಿಕೆ ತಪ್ಪಿತು. ಹಸಿರು, ಬಿಳುಪು, ಆಮೇಲೆ ಮುಖದ ಮೇಲೆ ಬಿಸಿಲು ಒಡೆಯಿತು.

ಮೊದಲು ಮಾತಾಡಬಾರದು. ಉಸಿರು. ಒಂದು. ಕೈ ಮೆಟ್ಟಿಲು ಹುಡುಕಿತು, ಸಿದ್ದಮಲ್ಲಪ್ಪ ಅವಳ ಮೊಣಕೈ ಹಿಡಿದ. ಎರಡು. ಸದ್ದುಗಳು ಒಂದೊಂದಾಗಿ ಮರಳಿದವು, ಅತ್ತೆಯ ಅಳು ಎಲ್ಲಕ್ಕಿಂತ ಮೊದಲು. ಮೂರು. ಕಣ್ಣ ಮುಂದಿನ ಕಪ್ಪು ಚುಕ್ಕೆಗಳು ಚದುರಿದವು. ಅವಳು ಮೆಟ್ಟಿಲು ಹತ್ತಿದಳು. ಸೀರೆ ಮೈಗೆ ಅಂಟಿತ್ತು, ನೀರು ಕಲ್ಲಿನ ಮೇಲೆ ಸುರಿಯುತ್ತಿತ್ತು; ಮುಖ ತಿರುಗಿಸಬೇಕಾದವರು ತಿರುಗಿಸಿಕೊಳ್ಳಲೆಂದು ಅವಳು ಅವಸರ ಮಾಡಲಿಲ್ಲ. ಕೆಲವರು ತಿರುಗಿಸಿಕೊಂಡರು. ಮರಿಮಲ್ಲಪ್ಪ ತಿರುಗಿಸಿಕೊಳ್ಳಲಿಲ್ಲ. ಅವನು ಅವಳ ಮುಷ್ಟಿಯನ್ನೇ ನೋಡುತ್ತಿದ್ದ. ಬೆರಳ ಸಂದಿನಿಂದ ಕಪ್ಪು ನೀರು ಒಸರುತ್ತಿತ್ತು, ಆಳ ಬಲ್ಲವನಿಗೆ ಆ ಬಣ್ಣ ಗೊತ್ತು.

ಶಾಂತಮಲ್ಲಮ್ಮ ಬಿದ್ದು ಎದ್ದು ಇಳಿದುಬಂದು ಕಂಬಳಿಯನ್ನು ಅವಳ ತಲೆಯ ಮೇಲೆ ಹಾಕಿದಳು. ಅದೇ ಕರಿಕಂಬಳಿ, ಹದಿನೇಳು ವರ್ಷದ ಹೊಗೆಯ ವಾಸನೆ. ಒಂದು ಗಳಿಗೆ ಅವಳಿಗೆ ಏನೂ ಕಾಣಲಿಲ್ಲ. ಬಾವಿಯ ತಳಕ್ಕಿಂತ ಕತ್ತಲೆ. ಹೆಗಲು ಕೊಡವಿದಳು. ಕಂಬಳಿ ಜಾರಿ ಮೆಟ್ಟಿಲ ಮೇಲೆ ಬಿತ್ತು.

"ಇರಿ ಅತ್ತೆ. ಇನ್ನೂ ಮುಗ್ದಿಲ್ಲ."

ಚಪ್ಪಡಿಯ ಮುಂದೆ ಕುಳಿತು ಎಡಗೈ ಚಾಚಿ, ಅಯ್ಯನವರ ಎದುರಿಗೆ, ಪದ್ಧತಿಯಂತೆ, ಮುಷ್ಟಿ ಬಿಚ್ಚಿದಳು. ಸೀಗೆಕಾಯಿಯಂತೆ ನುಣುಪಾದ ಕಪ್ಪು ಮಣ್ಣು ಅಂಗೈ ತುಂಬ ಇತ್ತು. ಅದರ ನಡುವೆ ಬೆಳ್ಳಿಯ ಕರಡಿಗೆ ಕುಳಿತಿತ್ತು, ಹರಿದ ಶಿ‌ವದಾರ ಮಣಿಕಟ್ಟಿನಿಂದ ಇಳಿಬಿದ್ದಿತ್ತು.

ಗುರುಮಲ್ಲಯ್ಯನವರ ಬೆರಳು ಮಣ್ಣಿನತ್ತ ಬಂದು, ಅಲ್ಲಿಯೇ ನಿಂತಿತು. "ಇದು..." ಎಂದರು. ಹಿಂದೆ ಅತ್ತೆಯ ಉಸಿರು ಒಳಗೆ ಹೋದದ್ದು ಕೇಳಿಸಿತು, ಹೊರಗೆ ಬಂದದ್ದು ಕೇಳಿಸಲಿಲ್ಲ.

"ನಂದೇ ಬುದ್ದಿ. ನೆನ್ನೆ ಬೆಳಗ್ಗೆ ನಾನು ಇಲ್ಲಿ ಮುಳುಗಿದ್ದಾಗ ಓಯ್ತು. ಎರಡೊರ್ಸದಿಂದ ಮುಳುಗ್ತಾವ್ನಿ, ದಿನಾ. ಸಾಯಾಕಲ್ಲ." ಅವಳ ಹಲ್ಲು ಚಳಿಗೆ ಕಟಕಟಿಸುತ್ತಿತ್ತು, ಮಾತು ಕಟಕಟಿಸಲಿಲ್ಲ. "ತಪ್ಪಿಗೆ ಏನ್ ಮಾಡ್ಬೇಕೋ ಆಮ್ಯಾಕೆ ಯೋಳಿ, ಮಾಡ್ತೀನಿ."

ಗುರುಮಲ್ಲಯ್ಯನವರ ಕೈ ಕರಡಿಗೆಯನ್ನು ಎತ್ತಿಕೊಳ್ಳಲು ಮುಂದಕ್ಕೆ ಬಂತು. ಅವಳು ಅದಕ್ಕಿಂತ ಮೊದಲೇ ಬಲಗೈಯಿಂದ ಅದನ್ನು ತೆಗೆದು, ಒದ್ದೆ ದಾರದ ಎರಡು ತುದಿಯನ್ನೂ ತನ್ನ ಕೊರಳ ಹಿಂದೆ ತಂದು, ಎಡಗೈ ಚಾಚಿದ ಹಾಗೆಯೇ ಇಟ್ಟು, ಒಂದೇ ಕೈಯಲ್ಲಿ ಗಂಟು ಹಾಕಲಾರದೆ ತಡಕಾಡಿದಳು. ಮೆಟ್ಟಿಲಿನಿಂದ ಎದ್ದುಬಂದ ಸಿದ್ದಮಲ್ಲಪ್ಪ, ಹಗ್ಗದ ಬರೆ ಮೂಡಿದ ಕೈಗಳಿಂದ, ಆ ಗಂಟು ಹಾಕಿದ. ಭಾರ ಎದೆಯ ಮೇಲೆ ತನ್ನ ಜಾಗಕ್ಕೆ ಬಂದು ಕೂತಿತು, ತಣ್ಣಗೆ.

ಅವಳ ಅಂಗೈಯಲ್ಲಿ ಈಗ ಬರೀ ಮಣ್ಣಿತ್ತು. ಅದನ್ನು ಇನ್ನೂ ಸ್ವಲ್ಪ ಮುಂದಕ್ಕೆ ಚಾಚಿದಳು.

"ಮೊದ್ಲು ಮಣ್ಣ ನೋಡಿ."